ಸರಕಾರದ ಪಗಡಿ, ನನ್ನ ತಲೆ

ಮೊನ್ನೆ ನಮ್ಮ ಮನೆಯ ಕುಕ್ಕರ್ ಕೆಟ್ಟು, ಸೊಸೆ ಬಹಳ ವರ್ಷಗಳ ಮೇಲೆ ಬೋಗುಣಿಯಲ್ಲಿ ಅನ್ನ ಬೇಯಿಸಿ ಗಂಜಿ ಬಸಿದಳು. ಬಸಿದದ್ದನ್ನು ಚೆಲ್ಲಲು ಮರೆತಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ತುಸು ಹುಳಿ ಹತ್ತಿ, ಅದರ ವಾಸನೆ ಅಡುಗೆಮನೆಯಿಂದ ಪಡಸಾಲೆಗೆ ಬಂದು ನನ್ನ ಮೂಗು ಹಿಡಿದು ಎಳೆದುಕೊಂಡು ಹೋಯಿತು. ಎಲ್ಲಿಗೆ ಅಂದರೆ ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟು ಓಣಿಗೆ, ಮೂರು ಖೋಲಿಯ ಮಣ್ಣಿನ ಮನೆಗೆ. ಅಲ್ಲಿ ದಿನವೂ ಇದೇ ವಾಸನೆ. ಹಿತ್ತಲಲ್ಲಿ ಗಂಜಿಯ ಕೊಪ್ಪರಿಗೆ, ಅದರಲ್ಲಿ ಮುಳುಗಿ ಮೆತ್ತಗಾದ ಮಲ್‌ಮಲ್ ಬಟ್ಟೆ, ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿದ ದಾಳಿಂಬೆ ಹೂವಿನ ಬಣ್ಣದ ಉದ್ದುದ್ದ ಪಟ್ಟಿಗಳು. ಅಜ್ಜನ ಮೊಣಕೈತನಕ ಗಂಜಿ ಒಣಗಿ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ನಾನು ಅವನ ತೊಡೆಯ ಮೇಲೆ ಕೂತು ಆ ಸಿಪ್ಪೆ ಬಿಡಿಸುತ್ತಿದ್ದೆ. ಇಂಥ ಒಂದು ಮನೆ ನಿಮಗೂ ಇದ್ದಿರಬೇಕು. ಅದನ್ನು ಕೆಡವಿ ಏನೋ ಒಂದು ಕಟ್ಟಿರುತ್ತಾರೆ. ನಮ್ಮದರ ಜಾಗದಲ್ಲಿ ಈಗ ಸ್ಕೂಟರ್ ರಿಪೇರಿ ಮಾಡುತ್ತಾರೆ. ಒಮ್ಮೆ ಹೋಗಿ ನಿಂತು ನೋಡಿದೆ. ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ನಮ್ಮದು ಪಗಡಿ ಕಟ್ಟುವ ಮನೆತನ. ಪಗಡಿ ಅಂದರೆ ರೈತರು ಗಿರಗಿರ ಸುತ್ತಿಕೊಳ್ಳುವ ರುಮಾಲಲ್ಲ. ಗಂಜಿಯಲ್ಲಿ ಅದ್ದಿದ ಬಟ್ಟೆಯನ್ನು ಹುರಿ ಹೊಸೆದು, ಕಟ್ಟಿಗೆಯ ತಲೆಯೊಂದರ ಮೇಲೆ ಸುತ್ತಿನ ಮೇಲೆ ಸುತ್ತು ಕೂಡಿಸಿ, ಒಣಗಿಸಿ, ಟೊಪ್ಪಿಗೆಯ ಹಾಗೆ ಎತ್ತಿ ಇಡುವಂಥದ್ದು. ಒಬ್ಬೊಬ್ಬ ಗಿರಾಕಿಯ ತಲೆಯ ಅಳತೆಗೆ ಒಂದೊಂದು ಕಟ್ಟಿಗೆಯ ತಲೆ. ಗೂಡಿನಲ್ಲಿ ವಕೀಲರ ತಲೆ, ಅಡತಿ ಅಂಗಡಿಯವರ ತಲೆ, ಮಾಸ್ತರರ ತಲೆ ಸಾಲಾಗಿ ಕೂತಿರುತ್ತಿದ್ದವು. ಅವಕ್ಕೆ ಕಣ್ಣು ಬಾಯಿ ಇರಲಿಲ್ಲ, ಆದ್ದರಿಂದ ಅವು ಮಾಲಕರಿಗಿಂತ ಶಾಣ್ಯಾ ಕಾಣುತ್ತಿದ್ದವು. ಎಲ್ಲಕ್ಕಿಂತ ಮೇಲಿನ ಗೂಡಿನಲ್ಲಿ, ಕೆಂಪು ಬಟ್ಟೆ ಮುಚ್ಚಿಕೊಂಡು, ಒಂದು ರಾಜನ ತಲೆ ಇತ್ತು.

ಸಂಸ್ಥಾನದ ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಈಗ ಮದುವೆ ಹಾಲ್ ಇಟ್ಟುಕೊಂಡು ಮರ್ಯಾದೆಯಿಂದ ಬದುಕಿದ್ದಾರೆ. ಅಷ್ಟಕ್ಕೂ ಹೆಸರಿಟ್ಟು ಕರೆಯುವಷ್ಟು ದೊಡ್ಡದೂ ಅದಾಗಿರಲಿಲ್ಲ. ಹುಬ್ಬಳ್ಳಿಯಿಂದ ಮುಂಜಾನೆ ಚಕ್ಕಡಿ ಹೂಡಿದರೆ ಊಟದ ಹೊತ್ತಿಗೆ ಗಡಿ ಬರುತ್ತಿತ್ತು, ಗಾಡಿಯವನು ತೂಕಡಿಸಿದರೆ ಆಚೆಯ ಗಡಿಯೂ ದಾಟಿಹೋಗುತ್ತಿತ್ತು. ಇಷ್ಟಕ್ಕೆ ಒಬ್ಬ ರಾಜ, ಅರಮನೆ ಅನ್ನಿಸಿಕೊಳ್ಳುವ ಒಂದು ವಾಡೆ, ಕೈದಿಗಳನ್ನಿಡಲು ಒಂದು ತುರಂಗ, ಆಡಳಿತ ನೋಡಲು ಒಬ್ಬ ಕಾರಭಾರಿ. ರಾಜನಿಗೆ 'ಸರಕಾರ' ಅನ್ನಬೇಕು. ಸರಕಾರಕ್ಕೆ ಆ ಊರಿನ ಧೂಳು ಒಗ್ಗುತ್ತಿರಲಿಲ್ಲ ಎಂದು ಧಾರವಾಡದ ಸಪ್ತಾಪುರದ ಕಡೆ, ಮಾವಿನ ಗಿಡಗಳ ನಡುವೆ, ಬಂಗಲೆ ಕಟ್ಟಿಸಿಕೊಂಡು ಅಲ್ಲೇ ಇರುತ್ತಿತ್ತು. ಹಾಗಾದರೆ ರಾಜ್ಯ ಆಳುವವರು ಯಾರು? ಪಗಡಿ. ನಗಬೇಡಿರಿ. ವಾಡೆಯ ದರಬಾರಿನಲ್ಲಿ ಗಾದಿಯ ಮೇಲೆ ನಮ್ಮ ಅಜ್ಜ ಕಟ್ಟಿದ ಪಗಡಿ ಇಟ್ಟಿರುತ್ತಿದ್ದರು. ಕಾರಭಾರಿ ಅದರ ಪಕ್ಕದಲ್ಲಿ ಕೆಳಗೆ ಕೂತು, ಅದಕ್ಕೆ ಬಗ್ಗಿ ಮುಜರೆ ಮಾಡಿ, 'ಸರಕಾರದ ಮರ್ಜಿಯಂತೆ' ಎಂದು ಬರೆದು ಹುಕುಂ ಹೊರಡಿಸುತ್ತಿದ್ದ. ಜನರೂ ಬಂದು ಪಗಡಿಗೆ ಮೂರು ಸಲ ನೆಲ ಮುಟ್ಟಿ ಮುಜರೆ ಮಾಡಿ, ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಹೋಗಬೇಕು. ವಾಡೆಯ ಮುಂದೆ ಚಪ್ಪಲಿ ಹಾಕುವಂತಿಲ್ಲ, ಛತ್ರಿ ಬಿಚ್ಚುವಂತಿಲ್ಲ. ತಲೆ ಮೇಲೆ ನೆರಳು ಇರುವುದು ಸರಕಾರಕ್ಕೊಂದೇ.

ಈಗ ಗುಟ್ಟು ಹೇಳುತ್ತೇನೆ. ಹೇಳುವುದಿಲ್ಲವೆಂದು ಅಜ್ಜನ ಮುಂದೆ ಆಣೆ ಹಾಕಿದ್ದೆ. ಆದರೆ ಅಜ್ಜ ಹೋಗಿ ಅರುವತ್ತು ವರ್ಷದ ಮೇಲಾಯಿತು, ಆಣೆಯೂ ಮುದಿಯಾಗಿದೆ. ಸರಕಾರದ ತಲೆ ಬಹಳ ಸಣ್ಣದು. ಎಂಟು ವರ್ಷದ ಹುಡುಗಿಯ ತಲೆಯಷ್ಟು. ಅಜ್ಜ ಒಳಗೆ ಹತ್ತಿ ತುಂಬಿ, ಹೊರಗೆ ಸುತ್ತು ಹೆಚ್ಚಿಸಿ, ಅದನ್ನು ಒಬ್ಬ ರಾಜನ ತಲೆಯ ಹಾಗೆ ಕಾಣಿಸುತ್ತಿದ್ದ. ಎಂಟು ವರ್ಷದ ಹುಡುಗಿಯಷ್ಟು ಅಂತ ನನಗೆ ಹೇಗೆ ಗೊತ್ತು ಅಂದರೆ, ಒಂದು ಮಳೆಗಾಲದಲ್ಲಿ ಆ ಕಟ್ಟಿಗೆಯ ತಲೆಗೆ ಗೆದ್ದಲು ಹಿಡಿದು ಪುಡಿಯಾಯಿತು. ದಸರೆ ಹತ್ತಿರ ಬಂದಿತ್ತು. ಅಜ್ಜ ಅಳತೆಯ ದಾರ ಹಿಡಿದುಕೊಂಡು ಮನೆಯಲ್ಲಿದ್ದ ಗಡಿಗೆ, ತಂಬಿಗೆ, ಕುಂಬಳಕಾಯಿ ಎಲ್ಲವನ್ನೂ ಅಳೆದು ನೋಡಿದ, ಕೊನೆಗೆ ಮೂಲೆಯಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ ನನ್ನ ತಲೆಗೆ ಸುತ್ತಿದ. ದಾರದ ಗಂಟು ಗಂಟಿಗೆ ಕೂಡಿತು.

ಅಂದಿನಿಂದ ನಾನೇ ರಾಜನ ತಲೆ. ಹಿತ್ತಲ ಕಲ್ಲಿನ ಮೇಲೆ ಅಲುಗಾಡದೆ ಕೂಡಬೇಕು. ಗಂಜಿ ನೀರು ಕಿವಿಯ ಹಿಂದಿನಿಂದ ಇಳಿದು ಬೆನ್ನಿಗೆ ತಣ್ಣಗೆ ತಾಗುತ್ತಿತ್ತು, ನೊಣ ಮೂಗಿನ ಮೇಲೆ ಕೂಡುತ್ತಿತ್ತು, ಓಡಿಸುವಂತಿಲ್ಲ. ನನ್ನ ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅವನ ತಮ್ಮ ಈರಣ್ಣ ಕಾಕಾ ನನ್ನ ಎದುರಿಗೆ ಕೂತು ಬಾಯಿಗೆ ಬೆಲ್ಲ ಶೇಂಗಾ ಇಡುತ್ತಾ ನಗಿಸಲು ನೋಡುತ್ತಿದ್ದ. ಕಾಕಾನಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ನಗುವುದು ಅವನ ಮುಖ್ಯ ಉದ್ಯೋಗ, ಪಗಡಿಗೆ ಬಣ್ಣ ಹಾಕುವುದು ಮತ್ತು ಒಯ್ದು ಮುಟ್ಟಿಸುವುದು ಬಿಡುವಿನ ಕೆಲಸ.

"ಹದಿನಾರೊಂದ್ಲೆ ಎಷ್ಟ, ಗಂಗಿ? ಮಗ್ಗಿ ಅನ್ನು," ಎನ್ನುತ್ತಿದ್ದ. ನಾನು ಮಗ್ಗಿ ಅಂದು ಮುಗಿಸಿದರೆ ಅಜ್ಜನ ಕಡೆ ತಿರುಗಿ, "ನೋಡಪಾ, ಅಳತಿ ಒಂದ, ಆದ್ರ ಈ ತಲ್ಯಾಗ ಮಗ್ಗಿ ಅದಾವು. ಆ ತಲ್ಯಾಗ ಬರೇ ಹತ್ತಿ."

"ಸುಮ್ನಿರೋ, ಗ್ವಾಡಿಗೂ ಕಿವಿ ಇರ್ತಾವು," ಎಂದು ಅಜ್ಜ ಗದರುತ್ತಿದ್ದ.

ಒಳಗಿನಿಂದ ನಮ್ಮ ಅವ್ವ, "ಗ್ವಾಡಿಗೆ ಕಿವಿ ಇದ್ರ ಇರ್ಲಿ ಬಿಡ್ರಿ ಮಾವಾರ. ಅವರ ಪಗಡಿ ಹೊತ್ತ ನನ್ನ ಕೂಸಿಗೆ ಹೇನ ಆಗ್ಯಾವು, ಅದನ್ನೂ ಕೇಳಿಸ್ಕೊಳ್ಳಿ," ಎಂದು ಕೂಗುತ್ತಿದ್ದಳು. ಹೇನು ಆಗಿದ್ದು ಖರೆ. ಪಗಡಿಯ ಜೊತೆ ಒಂದೆರಡು ಧಾರವಾಡಕ್ಕೂ ಹೋಗಿರಬೇಕು.

ನನಗೆ ಹತ್ತು ತುಂಬಿದ ವರ್ಷದ ದಸರೆಗೆ ಗಾದಿಯ ಮೇಲಿಡಲು ಹೊಸ ಪಗಡಿ ಒಯ್ಯಬೇಕಾಗಿತ್ತು. ಕಾಕಾ ಬೆತ್ತದ ಪೆಟ್ಟಿಗೆಯಲ್ಲಿ ಅದನ್ನಿಟ್ಟುಕೊಂಡು ಹೋದ. ವಾಡೆಯ ಮುಂದಿನ ಬಯಲಿಗೆ ಬಂದಾಗ ತಟಕ್ಕನೆ ಮಳೆ ಹಿಡಿಯಿತು. ಗಂಜಿಯ ಪಗಡಿಗೆ ನಾಲ್ಕು ಹನಿ ಬಿದ್ದರೆ ಮುಗಿಯಿತು, ಅದು ಅಂಬಲಿಯಾಗುತ್ತದೆ. ಬೆತ್ತದ ಪೆಟ್ಟಿಗೆ ಸೋರುತ್ತದೆ. ಕಾಕಾ ಹೆಚ್ಚು ವಿಚಾರ ಮಾಡಲಿಲ್ಲ. ಛತ್ರಿ ಬಿಚ್ಚಿ ಪೆಟ್ಟಿಗೆಯ ಮೇಲೆ ಹಿಡಿದು, ತಾನು ತೊಯ್ಯುತ್ತಾ ನಡೆದ. ವಾಡೆಯ ಬಾಗಿಲಲ್ಲೇ ಅವನನ್ನು ಹಿಡಿದರು.

ಕಾರಭಾರಿಯ ಮುಂದೆ ನಿಲ್ಲಿಸಿದಾಗ ಕಾಕಾ ಹೇಳಿದ್ದಿಷ್ಟೇ: "ಛತ್ರಿ ನನ್ನ ಮ್ಯಾಲ ಹಿಡದಿಲ್ರಿ. ಸರಕಾರದ ಪಗಡಿ ಮ್ಯಾಲ ಹಿಡದೇನಿ. ಪಗಡಿ ಅಂದ್ರ ಸರಕಾರ ಅಂತ ನೀವ ಅಂತೀರಿ. ಸರಕಾರಕ್ಕ ಛತ್ರಿ ಹಿಡಿದವಗ ಇನಾಮ ಕೊಡ್ಬೇಕ್ರಿ, ಹಗ್ಗಾ ಅಲ್ಲ." ಹೇಳಿದ್ದು ಸರಿಯಿತ್ತು, ಸರಿಯಿದ್ದದ್ದೇ ತಪ್ಪಾಯಿತು. ಅಲ್ಲಿ ಕೂತ ನಾಲ್ಕು ಜನ ನಕ್ಕುಬಿಟ್ಟರು. ಕಾರಭಾರಿ ಗಾದಿಯ ಮೇಲಿನ ಹಳೆಯ ಪಗಡಿಗೆ ಮುಜರೆ ಮಾಡಿ, ಅದು ಏನೋ ಹೇಳಿದಂತೆ ತಲೆ ಆಡಿಸಿ, ತುರಂಗದ ಪುಸ್ತಕದಲ್ಲಿ ಬರೆದ: ಸರಕಾರದ ಮರ್ಜಿ ಆಗುವತನಕ ಕೈದು. ಛತ್ರಿ ಜಪ್ತಿ. ಪೆಟ್ಟಿಗೆಯೂ ಜಪ್ತಿ. ಹೊಸ ಪಗಡಿಯನ್ನು ಮಾತ್ರ, ಒಂದು ಹನಿಯೂ ತಾಗದ ಆ ಪಗಡಿಯನ್ನು, ಗಾದಿಯ ಮೇಲೆ ಇಟ್ಟುಕೊಂಡರು.

ಕಳ್ಳನಿಗೆ ಆರು ತಿಂಗಳು, ಹೊಡೆದಾಡಿದವನಿಗೆ ಒಂದು ವರ್ಷ ಅಂತ ಲೆಕ್ಕ ಇರುತ್ತದೆ. ಮರ್ಜಿಗೆ ಲೆಕ್ಕ ಎಲ್ಲಿಯದು? ಅವ್ವ ಬುತ್ತಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಮೊದಲ ಸಲ ಕಾಕಾ ಸರಳಿನ ಹಿಂದೆ ನಗುತ್ತಲೇ ಇದ್ದ. "ದಿನಾ ಮುಂಜಾನೆ ಎಬ್ಬಿಸಿ ದರಬಾರಕ್ಕ ಒಯ್ದು ಮುಜರೆ ಮಾಡಸ್ತಾರ್ವಾ. ನಾನ ಬಣ್ಣಾ ಹಾಕಿದ ಪಗಡಿಗೆ ನಾನ ಮುಜರೆ. ಒಂದ ಕಡೆ ಬಣ್ಣ ಸರಿ ಕೂತಿಲ್ಲ, ದಿನಾ ನೋಡಿ ನೋಡಿ ಹೊಟ್ಟಿ ಉರೀತೈತಿ," ಅಂದ. ಆರನೆಯ ಸಲವೋ ಏಳನೆಯ ಸಲವೋ ಹೋದಾಗ ಅವನು ಈ ಮಾತು ಎತ್ತಲಿಲ್ಲ. ಅವ್ವ ಕೇಳಿದಳು, "ಇನ್ನೂ ಮಾಡಸ್ತಾರೇನೋ ಈರಣ್ಣ?" ಅವನು ರೊಟ್ಟಿ ಮುರಿಯುತ್ತಾ, "ಸರಿಯಾಗಿ ಬಗ್ಗಿದ್ರ ಹೊಡ್ಯೂದಿಲ್ಲ ವೈನಿ," ಅಂದ. ಅಷ್ಟೇ.

ಅಜ್ಜ ಧಾರವಾಡದ ಬಂಗಲೆಗೆ ಎರಡು ಸಲ ಹೋಗಿ ಗೇಟಿನಿಂದಲೇ ತಿರುಗಿ ಬಂದ. ಆಮೇಲೆ ಸರಕಾರದ ಪಗಡಿ ಕಟ್ಟುವುದನ್ನು ನಿಲ್ಲಿಸಿದ. ಕೇಳಿಬಂದ ಜವಾನನ ಮುಂದೆ ಕೈ ಚಾಚಿ ನಡುಗಿಸಿ ತೋರಿಸಿದ. "ವಯಸ್ಸಾತು ನೋಡಪಾ. ಸುತ್ತು ನಿಲ್ಲವಲ್ಲವು." ಜವಾನ ಹೋದ ಮೇಲೆ ಅದೇ ಕೈಯಿಂದ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದ್ದನ್ನು ನಾನು ನೋಡಿದೆ. ನನ್ನತ್ತ ನೋಡಿ ಕಣ್ಣು ಹೊಡೆದ. ನಮ್ಮ ಮನೆಯಲ್ಲಿ ಕ್ರಾಂತಿ ಆಗಿದ್ದು ಅಷ್ಟೇ, ಆದರೆ ಎಲ್ಲಕ್ಕಿಂತ ಮೊದಲು ಆಗಿದ್ದು. ಹೊರಗೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಹುಬ್ಬಳ್ಳಿಯಲ್ಲಿ ನಮಗೆ ಸಾಲಿಯಲ್ಲಿ ಪೇಢೆ ಕೊಟ್ಟರು. ಗಡಿಯಾಚೆಯ ಸಂಸ್ಥಾನದಲ್ಲಿ ಅಂದೂ ಪಗಡಿಗೇ ಮುಜರೆ. ಕಾಕಾ ತುರಂಗದೊಳಗಿಂದ ಪಕ್ಕದ ಹಳ್ಳಿಯ ಪಟಾಕಿ ಕೇಳಿ, ಯಾರದೋ ಮದುವೆ ಎಂದುಕೊಂಡನಂತೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸಂಸ್ಥಾನದ ಜನ ಎದ್ದರು. ಅಲ್ಲಿಯೇ ಎದ್ದರೆ ಲಾಠಿ ಬೀಳುತ್ತಿತ್ತು. ಯಾರೋ ಬುದ್ಧಿವಂತನಿಗೆ ಹೊಳೆಯಿತು: ಧಾರವಾಡದ ರಸ್ತೆ ಸರಕಾರದ್ದಲ್ಲ, ಅಲ್ಲಿ ಅದರ ಕಾಯದೆ ನಡೆಯುವುದಿಲ್ಲ. ಹಳ್ಳಿಹಳ್ಳಿಯಿಂದ ಚಕ್ಕಡಿ ಹೂಡಿಕೊಂಡು ಬಂದವರು ಬಂಗಲೆಯ ಮುಂದೆ ಇಳಿದು, ಚಪ್ಪಲಿ ಮೆಟ್ಟಿ, ಛತ್ರಿ ಬಿಚ್ಚಿ, ಗೇಟಿನ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಡೆಯಹತ್ತಿದರು. ಒಂದು ಹನಿ ಮಳೆಯಿಲ್ಲ, ಎಳೆಬಿಸಿಲು, ನೂರಾರು ಕರಿ ಛತ್ರಿ. ಅವರ ಹೋರಾಟ ಅಂದರೆ ಇಷ್ಟೇ. ಮಾತೂ ಇಲ್ಲ ಕಲ್ಲೂ ಇಲ್ಲ. ಕಾಕಾನ ವಿಚಾರ ಸರಕಾರದ ಕಿವಿಗೆ ಹಾಕಬಹುದೆಂದು ಅಜ್ಜ ನನ್ನನ್ನು ಕರೆದುಕೊಂಡು ಮೂರನೆಯ ದಿನ ಅಲ್ಲಿಗೆ ಹೋದ. ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಹೊಸ ಚರ್ಮದ ಚಪ್ಪಲಿಗಳು ಎಲ್ಲ ಒಟ್ಟಿಗೆ ಕಿರ್ರ್ ಕಿರ್ರ್ ಎನ್ನುತ್ತಿದ್ದವು, ಮೂರು ದಿನದಿಂದ, ಮುಂಜಾನೆಯಿಂದ ಸಂಜೆತನಕ. ಚಪ್ಪಲಿ ಇಲ್ಲದ ಬಡವರು ಇದ್ದವರಿಂದ ಒಂದೊಂದು ಕಾಲಿನದು ಇಸಿದುಕೊಂಡು ಕುಂಟುತ್ತಾ ನಡೆಯುತ್ತಿದ್ದರು. ಗಿಡದ ಕೆಳಗೆ ಕೂತು ಬೀಡಿ ಸೇದುತ್ತಿದ್ದ ಪೊಲೀಸನಿಗೆ ಬಂಗಲೆಯ ಜವಾನ ಕೈಮುಗಿದ. ಅವನು, "ರಸ್ತಾದಾಗ ಮಂದಿ ನಡದ್ರ ನಾ ಏನ್ ಮಾಡ್ಲಿ? ರಸ್ತಾ ಇರೂದ ನಡ್ಯಾಕ," ಅಂದ.

ಮಧ್ಯಾಹ್ನ ಬಂಗಲೆಯ ಮಹಡಿಯ ಕಟಾಂಜನದ ಬಾಗಿಲು ತೆರೆಯಿತು. ಒಬ್ಬ ಮನುಷ್ಯ ಹೊರಗೆ ಬಂದ. ಬೋಳು ತಲೆ, ತೆಂಗಿನ ಗಿಟುಕಿನಷ್ಟು, ಉದ್ದ ಕೋಟಿನ ಮೇಲೆ ಯಾರೋ ಮರೆತು ಇಟ್ಟು ಹೋದ ಹಾಗೆ. ವರ್ಷದಿಂದ ಅಜ್ಜ ಕಟ್ಟಿ ಕೊಟ್ಟಿರಲಿಲ್ಲ, ಅವನ ಸ್ವಂತ ತಲೆಗೆಂದು ಕಟ್ಟಿದ್ದ ಹಳೆಯ ಪಗಡಿ ಉದುರಿ ಹೋಗಿತ್ತು, ತಾನೇ ಒಂದು ಸುತ್ತು ಸುತ್ತಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ. ಅವನು ಕೈಯೆತ್ತಿ ಏನೋ ಹೇಳಲು ಹೋದ. ಕೆಳಗಿನಿಂದ ಒಬ್ಬ ಮುದುಕಿ ಛತ್ರಿ ಬೀಸಿ, "ಏ ಯಪ್ಪಾ, ನೀ ಒಳಗ ಹೋಗು. ಅಡಿಗಿ ಮಾಡಾವನ ಕೂಡ ನಮಗೇನ್ ಮಾತು? ಸರಕಾರನ್ನ ಕಳಸು," ಎಂದು ಕೂಗಿದಳು.

"ನಾವ ಸರಕಾರ," ಅಂದ ಅವನು.

ಮೊದಲು ಯಾರೋ ಒಬ್ಬ ನಕ್ಕ. ಆಮೇಲೆ ರಸ್ತೆಯೇ ನಕ್ಕಿತು. "ನೀ ಸರಕಾರ ಆದ್ರ ನಾ ಲಾಟಸಾಹೇಬ!" "ಪಾಪ, ಬಿಸಿಲಿಗೆ ತಲಿ ಕೆಟ್ಟೈತಿ, ಒಳಗ ಕರಕೊಂಡ ಹೋಗ್ರೋ!" ಹುಟ್ಟಿದಾಗಿನಿಂದ ಯಾವ ಪಗಡಿಗೆ ಬಗ್ಗಿದ್ದರೋ ಅದರ ಕೆಳಗಿನ ಮೋರೆ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ಜನರಲ್ಲಿ ಆ ತಲೆಯನ್ನು ಗುರುತಿಸಿದವರು ಇಬ್ಬರೇ, ಅಜ್ಜ ಮತ್ತು ನಾನು. ಹೌದ್ರಿ ಇವರೇ ಅಂತ ಅಜ್ಜ ಒಂದು ಮಾತು ಹೇಳಬಹುದಿತ್ತು. ಅವನು ನನ್ನ ಕೈ ಗಟ್ಟಿ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ನಿಂತ. ನನ್ನ ತಲೆಯೇ ಮೇಲೆ ನಿಂತು ಬೈಸಿಕೊಳ್ಳುತ್ತಿದೆ ಎನಿಸಿ ನನಗೆ ಒಂದಿಷ್ಟು ಅಯ್ಯೋ ಅನಿಸಿತು. ಬಹಳ ಹೊತ್ತಲ್ಲ. ಅವನು ಒಳಗೆ ಹೋದ. ತಾಸಿನೊಳಗೆ ಹಿಂದಿನ ಬಾಗಿಲಿನಿಂದ ಮೋಟಾರು ಪುಣೆಯ ಹಾದಿ ಹಿಡಿಯಿತು. ಯಾವ ವಂಶವೋ, ಎಷ್ಟು ತಲೆಮಾರೋ, ಒಂದು ನಗೆಗೆ ತಡೆಯಲಿಲ್ಲ.

ಮುಂದಿನ ಬಾಗಿಲಿನಿಂದ ಬಂದವನು ಕಾರಭಾರಿ. ಕೈಯಲ್ಲಿ ಸರಕಾರ ಸಹಿ ಮಾಡಿಕೊಟ್ಟ ಕಾಗದ, ತಲೆಯ ಮೇಲೆ ಬಿಳಿ ಟೊಪ್ಪಿಗೆ. "ಬಂಧುಗಳ, ರಾಜ್ಯ ನಿಮ್ಮದಾತು!" ಎಂದು ಕೂಗಿದ. ಜನ ಚಪ್ಪಲಿ ಬಿಟ್ಟು ಓಡಿಬಂದು ಅವನನ್ನು ಹೆಗಲ ಮೇಲೆ ಹೊತ್ತರು. ನಿನ್ನೆತನಕ ಅವರ ಬೆನ್ನಿಗೆ ಛಡಿ ಹೊಡೆಸಿದವನು ಅವನೇ ಎಂಬುದನ್ನು ಮರೆಯಲು ಅವರಿಗೆ ಬೇಕಾದದ್ದು ಒಂದು ಟೊಪ್ಪಿಗೆ. ಅಜ್ಜ ಮಾತ್ರ ಆ ಟೊಪ್ಪಿಗೆಯನ್ನೇ ನೋಡುತ್ತಿದ್ದ. "ಗಂಗಿ, ಆ ಟೊಪ್ಪಿಗಿ ಅಂಚ ನೋಡು. ಗಂಜಿ ಹಾಕಿ ಎರಡ ದಿನ ಆಗೇತಿ. ಇಂವಾ ಮೊನ್ನೇನ ತಯಾರಾಗಿ ಕೂತಾನ," ಅಂದ. ಆಮೇಲೆ ಗುಂಪಿನಲ್ಲಿ ನುಗ್ಗಿ ಅವನ ಕಾಲಿನ ಹತ್ತಿರ ನಿಂತು ಕೇಳಿದ, "ನಮ್ಮ ಈರಣ್ಣನ್ನ ಬಿಡ್ತೀರೇನ್ರಿ?" ಹೆಗಲ ಮೇಲಿನಿಂದ ಉತ್ತರ ಬಂತು: "ಊರಿಗೆ ಬರ್ರಿ, ನೋಡೂಣು."

ಸಂಸ್ಥಾನದಲ್ಲಿ ಜನ ವಾಡೆಗೆ ನುಗ್ಗಿ ಗಾದಿಯ ಮೇಲಿದ್ದ ಪಗಡಿಯನ್ನು ಎತ್ತಿ ಬಾವಿಗೆ ಎಸೆದರು. ಅದು ಊರಿನ ಸಿಹಿನೀರಿನ ಬಾವಿ. ಎಸೆಯುವಾಗ ಯಾರಿಗೂ ನೆನಪಾಗಲಿಲ್ಲ. ಎಂಟು ದಿನ ಪ್ರಜಾರಾಜ್ಯ ಗಂಜಿಯ ವಾಸನೆಯ ಕೆಂಪು ನೀರು ಕುಡಿಯಿತು. ಐದು ಜನ ಪಂಚರು ಆದರು, ಕಾರಭಾರಿ ಅಧ್ಯಕ್ಷನಾದ. ತುರಂಗದ ಬಾಗಿಲೂ ತೆರೆಯಿತು. ಕಳ್ಳರು ಬಂದರು, ಹೊಡೆದಾಡಿದವರು ಬಂದರು, ಹಾರ ಹಾಕಿಸಿಕೊಂಡು ಹೋದರು. ನಮ್ಮ ಕಾಕಾ ಬರಲಿಲ್ಲ. ಅಜ್ಜ, ಅವ್ವ, ನಾನು ಮೂವರೂ ಹೋಗಿ ಅಧ್ಯಕ್ಷನ ಮುಂದೆ ನಿಂತೆವು. ಅವನು ತುರಂಗದ ಪುಸ್ತಕ ತೆಗೆದು, ತಾನೇ ಬರೆದ ಸಾಲಿನ ಮೇಲೆ ಬೆರಳಿಟ್ಟ.

"ಉಳಿದವರದು ಇಷ್ಟ ತಿಂಗಳ ಅಂತ ಮುದ್ದತ್ತು ಐತಿ, ಕಡಿಮಿ ಮಾಡಿ ಬಿಟ್ವಿ. ಇವಂದು 'ಸರಕಾರದ ಮರ್ಜಿ' ಅಂತ ಐತಿ. ಈಗ ಸರಕಾರ ಎಲ್ಲಿ ಐತಿ? ಮರ್ಜಿ ಯಾರ ತೋರಸ್ಬೇಕು? ನಾನ ತೋರ್ಸಿದ್ರ ನಾಳಿಗೆ ಮಂದಿ, ಇಂವಾ ರಾಜ ಆಗಾಕತ್ತಾನ ಅಂತಾರ. ಕಾಯದೆ ಅಂದ್ರ ಕಾಯದೆ, ಅಜ್ಜಾ."

ಅವ್ವನಿಗೆ ತಡೆಯಲಾಗಲಿಲ್ಲ. "ಹಂಗಾರ ನಮ್ಮ ಮೈದುನ ಸಾಯೂತನಕ ಇಲ್ಲೇ ಕೊಳೀಬೇಕೇನ್ರಿ? ಛತ್ರಿ ಹಿಡದು ರಾಜನ್ನ ಓಡಿಸಿದ ಮಂದಿಗೆ ಹಾರ, ಛತ್ರಿ ಹಿಡಿದ ನಮ್ಮ ಹುಡುಗಗ ಬೇಡಿ?" ಪಂಚರು ಛಾವಣಿ ನೋಡಿದರು. ನಿಜವೇನೆಂದರೆ, ದರಬಾರಿನಲ್ಲಿ ಈ ಅಧ್ಯಕ್ಷನನ್ನು ನೋಡಿ ಜನ ನಗುವ ಹಾಗೆ ಮಾಡಿದವನು ಕಾಕಾ. ರಾಜ ಯಾಕೆ ಓಡಿಹೋದ ಎಂಬುದು ಅಧ್ಯಕ್ಷನಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜ ಗಾದಿಯನ್ನು ನೋಡಿದ. ಅದನ್ನು ಹಾಗೇ ಖಾಲಿ ಬಿಟ್ಟಿದ್ದರು. ಅಧ್ಯಕ್ಷ ಇನ್ನೂ ಅದರ ಪಕ್ಕದಲ್ಲಿ, ಕೆಳಗಿನ ತನ್ನ ಹಳೆಯ ಜಾಗದಲ್ಲೇ ಕೂತಿದ್ದ. ಮೇಲೆ ಕೂಡಲು ಧೈರ್ಯವಿಲ್ಲ, ಬಿಟ್ಟು ಏಳಲು ಮನಸ್ಸಿಲ್ಲ. ಅಜ್ಜ ಅಂದ: "ಮರ್ಜಿನ ಬೇಕಲ್ರಿ? ಕಟಗೊಂಡ ಬರ್ತೇನಿ."

ಆ ವಾರ ಅಜ್ಜ ಕಟ್ಟಿದ್ದು ಅವನ ಕೈಯ ಕೊನೆಯ ಪಗಡಿ. ಅವ್ವ ಬಸಿದ ಗಂಜಿ, ಕಾಕಾ ಗಡಿಗೆಯಲ್ಲಿ ತೆಗೆದಿಟ್ಟಿದ್ದ ಬಣ್ಣ. ನನಗೆ ಹನ್ನೊಂದು ನಡೆದು ತಲೆ ತುಸು ಬೆಳೆದಿತ್ತು. ಹತ್ತಿಯಿಲ್ಲದೆ ಕಟ್ಟಿದ. ಒಣಗುತ್ತಾ ಅದು ನನ್ನ ಹಣೆಯನ್ನು ಬಿಗಿ ಹಿಡಿಯಿತು. ಪೆಟ್ಟಿಗೆ ಜಪ್ತಿಯಾಗಿತ್ತು, ಹಾಗೇ ಹೊತ್ತರೆ ಸುತ್ತು ಸಡಿಲುತ್ತದೆ, ಆದ್ದರಿಂದ ನನ್ನ ತಲೆಯ ಮೇಲೆಯೇ ಪ್ರಯಾಣ. ಚಕ್ಕಡಿಯಲ್ಲಿ ಅಜ್ಜನ ಪಕ್ಕ ಪರಕಾರ ತೊಟ್ಟು, ದಾಳಿಂಬೆ ಬಣ್ಣದ ಪಗಡಿ ಇಟ್ಟುಕೊಂಡು ಕೂತೆ. ಗಡಿ ದಾಟಿದ ಮೇಲೆ ಒಂದು ಸಂಗತಿ ನೋಡಿದೆ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ದೂರದಿಂದ ಪಗಡಿ ಕಂಡೊಡನೆ ಬಗ್ಗುತ್ತಿದ್ದರು. ಬಾವಿಗೆ ಎಸೆದವರೇ. ಹತ್ತಿರ ಬಂದು ನನ್ನ ಮೋರೆ ಕಂಡ ಮೇಲೆ, ಬಗ್ಗಿದ್ದು ಕಳೆ ಕೀಳಲಿಕ್ಕೆ ಎಂಬಂತೆ ಹುಲ್ಲು ಕಿತ್ತರು.

ದರಬಾರದ ಬಾಗಿಲಲ್ಲಿ ನಾನು ಕಾಣಿಸಿಕೊಂಡಾಗ ಐವರು ಪಂಚರೂ ತಟಕ್ಕನೆ ಎದ್ದು ನಿಂತರು. ಅಧ್ಯಕ್ಷನ ಕೈ ತಾನಾಗಿಯೇ ನೆಲದ ಕಡೆಗೆ ಇಳಿದು, ಅರ್ಧಕ್ಕೆ ನಿಂತು, ಧೋತರದ ಚುಂಗು ಸರಿಮಾಡಿಕೊಂಡಿತು. ಅಜ್ಜ ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಗಾದಿಯ ಮೇಲೆ ಕೂಡಿಸಿದ. ಕಾಲು ನೆಲ ಮುಟ್ಟಲಿಲ್ಲ.

"ಸರಕಾರ ಬಂದೈತ್ರಿ. ಮರ್ಜಿ ಕೇಳ್ರಿ," ಅಂದ.

"ಏನ್ ಚೇಷ್ಟಾ ಇದು, ಮುದುಕಾ?"

"ಚೇಷ್ಟಾ ಅಲ್ರಿ. ಅದ ಬಟ್ಟಿ, ಅದ ಬಣ್ಣ, ಅದ ಕೈ. ಇದರ ಮುಂದ ಕೂತ ನೀವು ಇಷ್ಟ ವರ್ಷ ಹುಕುಂ ಬರದೀರಿ. ತಲಿನೂ ಅದ ಅಳತೀರಿ. ಸುಳ್ಳ ಅನಸಿದ್ರ ದಾರ ತಂದೇನಿ, ಅಳೀರಿ. ಹೊರಗ ಮಂದಿನ್ನೂ ಕರೀರಿ, ಅವರೂ ನೋಡ್ಲಿ, ಇಷ್ಟ ದಿನಾ ಎಷ್ಟ ದೊಡ್ಡ ತಲಿಗೆ ಬಗ್ಗಿದ್ವಿ ಅಂತ."

ಒಬ್ಬ ಪಂಚನ ಗಂಟಲಿನಲ್ಲಿ ನಗೆ ಕೆಮ್ಮಾಯಿತು. ಅಧ್ಯಕ್ಷ ಬಾಗಿಲಿನ ಕಡೆ ನೋಡಿದ. ಆಗಲೇ ಹತ್ತಿಪ್ಪತ್ತು ಮೋರೆ ಅಲ್ಲಿ ಕೂಡಿದ್ದವು. ಧಾರವಾಡದ ರಸ್ತೆಯ ನಗೆ ಅವನ ಕಿವಿಯಲ್ಲಿ ಇತ್ತೆಂದು ಕಾಣುತ್ತದೆ. ಅವನು ಕೂತ, ಲೆಕ್ಕಣಿಕೆ ಅದ್ದಿದ, ನನ್ನ ಕಡೆ ನೋಡದೆ ಕೇಳಿದ: "ಏನ್ ಮರ್ಜಿ?"

"ನಮ್ಮ ಕಾಕಾನ್ನ ಬಿಡ್ರಿ," ಅಂದೆ. "ಛತ್ರಿನೂ ಕೊಡ್ರಿ."

ಪ್ರಜೆಗಳ ಅಧ್ಯಕ್ಷ 'ಸರಕಾರದ ಮರ್ಜಿಯಂತೆ' ಎಂದು ಬರೆದು ಸಹಿ ಮಾಡಿದ. ಛತ್ರಿ ಮಾರಿ ನಿಕಾಲಿ ಆಗಿಹೋಗಿದೆ ಅಂದ. ಅದು ಅವನ ಬೆನ್ನ ಹಿಂದಿನ ಮೂಲೆಯಲ್ಲೇ ನಿಂತಿತ್ತು. ಹಿಡಿಕೆಗೆ ಕಾಕಾ ಸುತ್ತಿದ್ದ ಬಣ್ಣದ ದಾರ ಗಾದಿಯ ಮೇಲಿನಿಂದ ನನಗೆ ಸ್ಪಷ್ಟ ಕಾಣುತ್ತಿತ್ತು. ನಾನು ಹೇಳಲು ಬಾಯಿ ತೆಗೆದೆ. ಅಜ್ಜ ಕಣ್ಣಿನಲ್ಲೇ ಬೇಡ ಅಂದ. ಮನುಷ್ಯ ಬಂದರೆ ಸಾಕು.

ಮನುಷ್ಯ ಬಂದ. ಇಬ್ಬರು ಜವಾನರ ನಡುವೆ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ಕೂದಲು ಗಡ್ಡ ಬೆಳೆದಿದ್ದವು. ನಾನು ಗಾದಿಯ ಮೇಲಿಂದ ಹಲ್ಲು ಕಿಸಿದು ನಗುತ್ತಾ, ಅವನು ಈಗ ನಕ್ಕುಬಿಡುತ್ತಾನೆ, ಇಡೀ ದರಬಾರು ಅದುರುವ ಹಾಗೆ ನಗುತ್ತಾನೆ ಎಂದು ಕಾದೆ. ಕಾಕಾ ಹೊಸ್ತಿಲು ದಾಟಿದ, ಪಗಡಿ ಕಂಡ, ಸೊಂಟದಿಂದ ಎರಡಾಗಿ ಬಗ್ಗಿದ. ಕೈ ನೆಲ ಮುಟ್ಟಿ ಹಣೆ ಮುಟ್ಟಿತು. ಒಂದು, ಎರಡು, ಮೂರು. ಬಹಳ ಚೆನ್ನಾಗಿ ಮಾಡಿದ. ಯಾರು ಕಲಿಸಿದರೂ ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

"ಕಾಕಾ, ನಾ ಗಂಗಿ," ಅಂದೆ.

"ಹೌದ್ರಿ ಸರಕಾರ," ಅಂದ, ನೆಲ ನೋಡುತ್ತಾ.

ಅಜ್ಜ ಧಡಧಡನೆ ಬಂದು ನನ್ನ ತಲೆಯಿಂದ ಪಗಡಿ ಕಿತ್ತ. ನಾಲ್ಕು ಕೂದಲೂ ಜೊತೆಗೆ ಬಂದವು. ತನ್ನ ಜನ್ಮದಲ್ಲಿ ಒಂದು ಅಂಗುಲ ಬಟ್ಟೆಯನ್ನು ನೆಲಕ್ಕೆ ತಾಗಿಸದವನು ಅದನ್ನು ದರಬಾರಿನ ನಡುವೆ ಎಸೆದು, ಕಾಲಿನಿಂದ ಒತ್ತಿ, ಮಗನ ಗದ್ದ ಹಿಡಿದು ಮೇಲೆತ್ತಿದ. "ನೋಡಪಾ. ಯಾರೂ ಇಲ್ಲ. ನಮ್ಮ ಕೂಸು ಅದು." ಕಾಕಾ ನೋಡಿದ. ನನ್ನನ್ನು ಗುರುತಿಸಿದ, ತುಟಿ ತುಸು ಅಗಲವಾಯಿತು. ಆದರೆ ಹೊರಗೆ ಹೋಗುವಾಗ ಗಾದಿಗೆ ಬೆನ್ನು ತೋರಿಸದೆ, ಹಿಂದಹಿಂದಕ್ಕೇ ನಡೆದ. ಅಜ್ಜ ಅವನ ತೋಳು ಹಿಡಿದಿದ್ದ. ಅವನೂ ಮಗನ ಜೊತೆ ಹಿಂದಹಿಂದಕ್ಕೆ ನಡೆಯಬೇಕಾಯಿತು.

ಮುಂದಿನದು ನಿಮಗೂ ಗೊತ್ತಿರುವಂಥದ್ದೇ. ಸಂಸ್ಥಾನ ಕರಗಿ ದೇಶದಲ್ಲಿ ಸೇರಿತು. ಕಾರಭಾರಿ ದೊಡ್ಡ ಮನುಷ್ಯನಾಗಿ, ಉಪ್ಪರಿಗೆ ಮನೆ ಕಟ್ಟಿ, ತೀರಿಕೊಂಡ. ಒಂದು ಚೌಕಕ್ಕೆ ಅವನ ಹೆಸರಿದೆ. ರಾಜನಿಗೆ ಸಾಯುವತನಕ ಪುಕ್ಕಟೆ ತನಖಾ ಹಣ ಬಂತಂತೆ. ಪಗಡಿ ಹಾಕುವವರು ಇಲ್ಲವಾಗಿ, ಗೂಡಿನಲ್ಲಿದ್ದ ವಕೀಲರು, ಮಾಸ್ತರರು, ಅಡತಿಯವರು ಒಬ್ಬೊಬ್ಬರಾಗಿ ಅವ್ವನ ಒಲೆಗೆ ಹೋದರು. ಮಾಸ್ತರರು ಚೆನ್ನಾಗಿ ಉರಿದರು. ಅಜ್ಜ ಹೋದ, ಅವ್ವ ಹೋದಳು. ಕಾಕಾ ಬೆಂಗೇರಿಯಲ್ಲಿ ಒಂದು ಸಣ್ಣ ಬಟ್ಟೆ ಬಣ್ಣದ ಅಂಗಡಿ ಇಟ್ಟು, ನನ್ನ ಮದುವೆ ಮಾಡಿ, ನನ್ನ ಮಕ್ಕಳನ್ನು ಆಡಿಸಿ ಬಹಳ ವರ್ಷ ಬದುಕಿದ. ಮಾತಾಡುತ್ತಿದ್ದ, ಉಣ್ಣುತ್ತಿದ್ದ, ಮಕ್ಕಳ ಕೂಡ ಮಗ್ಗಿ ಅನ್ನುತ್ತಿದ್ದ, ಒಮ್ಮೊಮ್ಮೆ ನಗುತ್ತಲೂ ಇದ್ದ. ಅವನನ್ನು ನೋಡಿದ ಯಾರಿಗೂ ಏನೂ ಆಗಿದೆ ಅನಿಸುತ್ತಿರಲಿಲ್ಲ.

ಒಂದು ಅಮಾವಾಸ್ಯೆಯ ದಿನ ನಾನು ಎರೆದುಕೊಂಡು, ಒದ್ದೆ ಕೂದಲಿಗೆ ಕೆಂಪು ಪಂಜೆ ಸುತ್ತಿ ಗಂಟು ಹಾಕಿಕೊಂಡು ಪಡಸಾಲೆಗೆ ಬಂದೆ. ಕಾಕಾ ನನ್ನ ಸಣ್ಣ ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅವಲಕ್ಕಿ ತಿನ್ನಿಸುತ್ತಿದ್ದ. ನನ್ನನ್ನು ಕಂಡವನೇ ಕೂಸನ್ನು ಕೆಳಗಿಟ್ಟು ಎದ್ದು ನಿಂತ. ಕೈಯಲ್ಲಿದ್ದ ಅವಲಕ್ಕಿ ಉದುರಿತು. ಕೈ ನೆಲದ ಕಡೆಗೆ ಇಳಿಯಿತು. ನಾನು ಗಡಬಡಿಸಿ ಪಂಜೆ ಎಳೆದು ಬಿಚ್ಚಿದೆ, ಕೂದಲು ಮೋರೆಯ ಮೇಲೆಲ್ಲ ಬಿತ್ತು. ಕಾಕಾ ಕೆಳಗೆ ಬಿದ್ದ ಅವಲಕ್ಕಿ ಆರಿಸಲೆಂದೇ ಬಗ್ಗಿದವನ ಹಾಗೆ ಒಂದೊಂದೇ ಆರಿಸಿದ. ಆ ದಿನದಿಂದ ನಾನು ತಲೆ ಒರೆಸಿಕೊಳ್ಳುವುದು ಹಿತ್ತಲಲ್ಲಿ, ಕಾಕಾನಿಗೆ ಕಾಣದ ಹಾಗೆ. ಕಾಕಾ ಹೋಗಿಯೂ ಮೂವತ್ತು ವರ್ಷ ಆಗಿರಬೇಕು. ಈಗಿನ ಮನೆಗೆ ಹಿತ್ತಲಿಲ್ಲ. ನಾನು ಬಚ್ಚಲ ಬಾಗಿಲು ಹಾಕಿಕೊಂಡು, ಕೂದಲು ಪೂರಾ ಒಣಗುವತನಕ ಒಳಗೇ ನಿಂತಿರುತ್ತೇನೆ.